ಗಂಡನ ಹೆಸರು ಕೇಳದೆ ಸೂಜಿ ಚುಚ್ಚದ ಸಿಸ್ಟರಮ್ಮನ ಮೇಲೊಂದು ದೂರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದೂ ಊರುಗಳ ಸಮಸ್ತ ರೋಗಿಗಳೇ, ಇನ್ನೂ ತಪಾಸಣೆ ಮಾಡಿಸದ ಕಾರಣ ಆರೋಗ್ಯವಂತರೆನಿಸಿಕೊಂಡವರೇ, ಐಸಿಯು ಬಾಗಿಲೆದುರಿನ ಕಬ್ಬಿಣದ ಬೆಂಚಿನ ಮೇಲೆ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಕಾಕಾ, ಮಾಮಾ, ಅತ್ತಿ, ಚಿಗವ್ವಂದಿರೇ! ಸಭೆಯ ಗೌರವಕ್ಕಾಗಿ ಯಾರೂ ಎದ್ದು ನಿಲ್ಲಬಾರದಾಗಿ ವಿನಂತಿ. ಎದ್ದರೆ ಬೆಂಚು ಹೋಗುತ್ತದೆ. ಕುಳಿತಲ್ಲಿಂದಲೇ ಸಾಕ್ಷಿಗಳಾಗಿರಿ. ನಾನು ಈಗ ದೊಡ್ಡವರಿಗೆ ಒಂದು ದೂರು ಸಲ್ಲಿಸಲಿದ್ದೇನೆ.

ಮಾನ್ಯ ಆಡಳಿತಾಧಿಕಾರಿ ಸಾಹೇಬರೇ,

ತಮಗೂ, ತಮ್ಮ ಕೊಠಡಿಯ ತಂಪಿಗೂ, ಆ ತಂಪನ್ನು ಹನಿ ನೀರೂ ಸೋರದಂತೆ ಒದಗಿಸುತ್ತಿರುವ ತಮ್ಮ ಎ.ಸಿ.ಗೂ ಅನಂತ ನಮಸ್ಕಾರಗಳು. ಅದರ ಒಡಹುಟ್ಟಿದ ಅಣ್ಣ ಐಸಿಯುವಿನಲ್ಲಿ ಸೋರುತ್ತಿದ್ದಾನೆ, ಅವನ ವಿಷಯ ಮುಂದೆ ಬರಲಿದೆ. ತಮ್ಮ ಆಸ್ಪತ್ರೆಯ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ, ತಪ್ಪು ತಿಳಿಯಬಾರದು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಹಾಗೆಯೇ ರೋಗಿಯ ಮನೆಯವರು ಆಸ್ಪತ್ರೆಯ ಹೆಸರು ಹೇಳಬಾರದು. ಯಾರ ಆಯುಷ್ಯವೆಂದು ತಾವು ಕೇಳಬಾರದು.

ನಾನು ಭಂಕೂರಿನ ಅಂಬರೇಶ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಶಹಾಬಾದಿನಲ್ಲಿ ಬ್ಯಾನರಿನ ಅಂಗಡಿ ಇಟ್ಟುಕೊಂಡು, ಹುಟ್ಟಿದವರಿಗೆ ಶುಭಾಶಯ, ಗೆದ್ದವರಿಗೆ ಜಯಜಯ, ಹೋದವರಿಗೆ ಚಿರವಿದಾಯ ಎಂದು ಯಾವ ಸಂದರ್ಭಕ್ಕೂ ಪ್ರಾಸ ತಪ್ಪದಂತೆ ಎರಡು ಸಾಲು ಹೊಸೆದುಕೊಡುತ್ತಾ ಬಂದವನು. ತಮ್ಮ ಆಸ್ಪತ್ರೆಯ ‘ರೋಗಿ ಸುರಕ್ಷತಾ ಸಪ್ತಾಹ’ದ ಬ್ಯಾನರ್ ಕೂಡ ನನ್ನ ಅಂಗಡಿಯದೇ ಎಂಬುದನ್ನು ತಾವು ಮರೆತಿರಲಾರಿರಿ. ಅದರಲ್ಲಿ ತಮ್ಮ ಭಾವಚಿತ್ರದ ಎಡಕ್ಕೆ ‘ಹೆಸರು ಕೇಳಿ, ಊರು ಕೇಳಿ, ಆಮೇಲೆ ಸೂಜಿ ಕೈಗೆ ತಾಳಿ’ ಎಂದೂ, ಬಲಕ್ಕೆ ‘ತಪ್ಪು ಕಂಡರೆ ತಕ್ಷಣ ತಿಳಿಸಿ, ಅಂಜದೆ ನುಡಿದು ಜೀವ ಉಳಿಸಿ’ ಎಂದೂ ಇದ್ದವು. ಬ್ಯಾನರಿನ ಧರ್ಮ ತಮಗೂ ಗೊತ್ತು, ನನಗೂ ಗೊತ್ತು: ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು, ತಲೆಯೆತ್ತಿ ಓದಬಾರದು. ತಾವು ಓದಲಿಲ್ಲ. ಡಾಕ್ಟರರು ಓದಲಿಲ್ಲ. ಬರೆದ ನಾನೇ ಎರಡನೆಯ ಸಲ ಓದಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಅದನ್ನು ಓದಿದವಳು ಒಬ್ಬಳೇ ಒಬ್ಬಳು, ಐಸಿಯುವಿನ ಸಿಸ್ಟರ್ ಪೂನಮ್. ಓದಿದ್ದಲ್ಲದೆ ಹಾಗೆಯೇ ನಡೆದುಕೊಂಡಳು. ನನ್ನ ದೂರಿನ ಮೂಲ ಇದೇ.

ನನ್ನ ಅವ್ವ ಭೀಮಬಾಯಿ, ಎದೆಯಲ್ಲಿ ಕಫ ಗಟ್ಟಿಯಾಗಿ ಉಸಿರು ಸಿಕ್ಕಿಹಾಕಿಕೊಂಡು ತಮ್ಮ ಐಸಿಯುವಿಗೆ ಸೇರಿದಳು. ಪಕ್ಕದ ಮಂಚದ ಮೇಲೆ ಇನ್ನೊಬ್ಬ ಭೀಮಬಾಯಿ ಮೊದಲೇ ಮಲಗಿದ್ದಳು, ತೆಂಗಳಿಯವಳು, ಚಂದ್ರಾಮಪ್ಪನ ಹೆಂಡತಿ, ಸಕ್ಕರೆ ಕಾಯಿಲೆಯವಳು. ನಮ್ಮ ಸೀಮೆಯಲ್ಲಿ ಒಂದು ಕಲ್ಲೆಸೆದರೆ ಅದು ಒಬ್ಬ ಭೀಮಬಾಯಿಗೆ ತಾಗಿ, ಪುಟಿದು ಇನ್ನೊಬ್ಬ ಭೀಮಬಾಯಿಯ ಅಂಗಳದಲ್ಲಿ ಬೀಳುತ್ತದೆ. ಆದ್ದರಿಂದ ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಇಬ್ಬರ ಮಣಿಕಟ್ಟಿಗೂ ಹೆಸರಿನ ಪಟ್ಟಿ ಕಟ್ಟಿದ್ದಿರಿ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಒರೆಸಿ ಅಕ್ಷರಗಳು ಅಳಿಸಿ, ಇಬ್ಬರೂ ಸರಿಸಮಾನವಾಗಿ ಅನಾಮಿಕರಾಗಿದ್ದರು. ವಯಸ್ಸು ಕೇಳಿದರೆ ಇಬ್ಬರದೂ ಒಂದೇ ಉತ್ತರ: “ಆಧಾರ ಕಾರ್ಡದಾಗ ಅದ, ನೋಡ್ಕೋ ತಂಗಿ.” ಊರು ಕೇಳಿದರೆ ನನ್ನ ಅವ್ವ ಗಂಡನ ಮನೆ ಹೇಳಬೇಕೋ, ತವರು ಹೇಳಬೇಕೋ ಎಂದು ತಿರುಗಿ ಕೇಳುತ್ತಿದ್ದಳು. ಅವಳ ತವರು ಅದೇ ತೆಂಗಳಿ!

ಇಂಥ ಸಮಯದಲ್ಲಿ ಬುದ್ಧಿಯಿದ್ದ ಸಿಸ್ಟರ್ ಆದರೆ ಏನು ಮಾಡಬೇಕಿತ್ತು? ಗೋಡೆಯ ಮೇಲಿನ ನಂಬರ್ ನೋಡಿ ಚುಚ್ಚಿ ಹೋಗಬೇಕಿತ್ತು. ಪೂನಮ್ ಹಾಗೆ ಮಾಡದೆ, ಇಬ್ಬರನ್ನೂ ಬೇರೆ ಮಾಡುವ ಒಂದೇ ಗುರುತು ಗಂಡನ ಹೆಸರು ಎಂದು ಕಂಡುಕೊಂಡು, ಪ್ರತಿ ಸೂಜಿಗೆ ಮೊದಲು, ಪ್ರತಿ ಗುಳಿಗೆಗೆ ಮೊದಲು, ಕೊನೆಗೆ ಸಲೈನಿನ ಬಾಟಲಿ ಬದಲಿಸುವ ಮೊದಲೂ ಅದನ್ನೇ ಕೇಳತೊಡಗಿದಳು.

ಸಾಹೇಬರೇ, ತಾವು ದೂರದ ಊರಿನವರು, ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವ ದಾರಿ ಒಂದೇ, ಅದು ಒಡಪು. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲಿಗೆ ಅಡ್ಡನಿಂತ ನಾದಿನಿಯರು “ಹೆಸರು ಹೇಳಿ ಒಳಗ ಬಾ” ಎಂದು ಕಾಡಿದಾಗ, ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಜೋಳದ ತೆನೆಯೊಳಗಿನ ಕಾಳಿನಂತೆ ಅಡಗಿಸಿ ಹೇಳುವುದು ಪದ್ಧತಿ. ಹೀಗಾಗಿ ತಮ್ಮ ಐಸಿಯುವಿನಲ್ಲಿ, ಅತ್ತ ಯಂತ್ರ ಟುಂಯ್ ಟುಂಯ್ ಅನ್ನುತ್ತಿರಲು, ಇತ್ತ ಪೂನಮ್ ಕೈ ತೊಳೆದುಕೊಂಡು ನಿಂತು, “ಆಯಿ, ಯಜಮಾನ್ರ ಹೆಸರು ಹೇಳ್ರಿ” ಎಂದು ಕೇಳುವುದೂ, ನನ್ನ ಅವ್ವ “ಹೋಗ ಹುಚ್ಚಿ, ಮುಂಜಾನಿ ಹೇಳಿನಲ್ಲ” ಅನ್ನುವುದೂ, “ಹೇಳದಿದ್ರ ಸೂಜಿ ಇಲ್ಲ ನೋಡ್ರಿ” ಎಂದು ಪೂನಮ್ ಹೆದರಿಸುವುದೂ, “ಇಲ್ಲದಿದ್ರ ಬ್ಯಾಡ ತಗಿ, ನಾ ಏನ್ ಸೂಜಿಗಿ ಉಪಾಸ ಬಿದ್ದೀನೇನು?” ಎಂದು ಅವ್ವ ತಿರುಗಿ ಬೀಳುವುದೂ, ಆಮೇಲೆ ಒಂದೆರಡು ಉಸಿರು ಎಳೆದುಕೊಂಡು,

“ಮೂಗಿನಾಗ ನಳಿಗಿ, ಮುಂಗೈಯಾಗ ಸೂಜಿ,
ಜಟ್ಟೆಪ್ಪಗ ಕೊಡ್ರಿ ಮೊದಲ ಒಂದ್ ಬಟ್ಟಲ ಗಂಜಿ”

ಎಂದು ಒಪ್ಪಿಸುವುದೂ ನಿತ್ಯದ ವಿಧಿಯಾಯಿತು. ಇದನ್ನು ಕೇಳಿ ಪಕ್ಕದ ಭೀಮಬಾಯಿಗೂ ಹುರುಪು ಬಂದು, ತನ್ನ ಸರದಿ ಬರುವ ಮೊದಲೇ,

“ತೆಂಗಳಿ ತೊಗರಿಗಿ ಬಂಗಾರದ ಹೂವ,
ಚಂದ್ರಾಮಪ್ಪ ಇಲ್ದಿದ್ರ ನನಗ್ಯಾಕ ಈ ಜೀವ”

ಎಂದು ಹಾಡಿಬಿಡುತ್ತಿದ್ದಳು. ತೀವ್ರ ನಿಗಾ ಘಟಕವು ತೀವ್ರ ಪ್ರಾಸ ಘಟಕವಾಯಿತು. ವೃತ್ತಿಯಿಂದ ಪ್ರಾಸಗಾರನಾದ ನನಗೆ ಇದರಿಂದ ಆದ ಮಾನಸಿಕ ಹಿಂಸೆಯನ್ನು ಹೇಗೆ ಹೇಳಲಿ? ಆಮ್ಲಜನಕ ಹಾಕಿಸಿಕೊಂಡ ನನ್ನ ಅವ್ವ, ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕುಳಿತ ನನಗಿಂತ ಚೆಂದ ಕಟ್ಟುತ್ತಿದ್ದಳು.

ಇನ್ನು ನನ್ನ ಅಪ್ಪ ಜಟ್ಟೆಪ್ಪನ ಸ್ಥಿತಿಯನ್ನು ತಾವು ಊಹಿಸಬೇಕು. ಮದುವೆಯ ದಿನ ಒಮ್ಮೆ, ನಾನು ಹೊಟ್ಟೆಯಲ್ಲಿದ್ದಾಗಿನ ಸೀಮಂತದಲ್ಲಿ ಒಮ್ಮೆ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದ ಮನುಷ್ಯ, ಆಮೇಲಿನ ಆಯುಷ್ಯವನ್ನೆಲ್ಲ “ಏ, ಕೇಳೀರೇನು” ಎಂಬ ಕರೆಯಲ್ಲೇ ಕಳೆದವನು, ಈಗ ಐಸಿಯು ಬಾಗಿಲಿನ ಒಡೆದ ಗಾಜಿನ ಸಂದಿಯಿಂದ ದಿನಕ್ಕೆ ಹಲವು ಸಲ ತನ್ನ ಹೆಸರು ಕೇಳತೊಡಗಿದ. ಮೊದಲು ಗಾಬರಿಯಾದ. ಆಮೇಲೆ ಔಷಧಿಯ ವೇಳೆಗೆ ಸರಿಯಾಗಿ ರುಮಾಲು ಕೊಡವಿ ಸುತ್ತಿಕೊಂಡು ಬಾಗಿಲ ಬಳಿ ಹೋಗಿ ನಿಲ್ಲತೊಡಗಿದ. ರೋಗಿಯ ಉಪಚಾರದಿಂದ ರೋಗಿಯ ಗಂಡನಿಗೆ ಹುರುಪು ಬರುವುದು ಯಾವ ವೈದ್ಯಶಾಸ್ತ್ರ, ತಾವೇ ಹೇಳಬೇಕು.

ಈಗ ಸೋರುವ ಅಣ್ಣನ ವಿಷಯ. ಒಂದು ದಿನ ಐಸಿಯುವಿನ ಎ.ಸಿ. ನನ್ನ ಅವ್ವನ ಹಾಸಿಗೆಯ ಮೇಲೆ ಹನಿಯತೊಡಗಿತು. ವಾರ್ಡಿನವರು ಹಾಸಿಗೆ ಒದ್ದೆಯಾಗಬಾರದೆಂದು ಇಬ್ಬರು ಭೀಮಬಾಯಿಯರ ಮಂಚಗಳನ್ನೂ ಒಂದೊಂದು ಸ್ಥಾನ ಆಚೆ ಸರಿಸಿದರು. ಮಂಚಗಳಿಗೆ ಗಾಲಿ ಇವೆ, ಅವು ಸರಿದವು. ನಂಬರ್‌ಗಳನ್ನು ಗೋಡೆಗೆ ಬಣ್ಣದಲ್ಲಿ ಬರೆದಿದ್ದೀರಿ, ಅವು ಸ್ವಾಭಿಮಾನದಿಂದ ನಿಂತಲ್ಲೇ ನಿಂತವು. ಹೀಗೆ ತೆಂಗಳಿಯ ಭೀಮಬಾಯಿಯ ನಾಲ್ಕನೆಯ ನಂಬರಿನ ಕೆಳಗೆ ಭಂಕೂರಿನ ಭೀಮಬಾಯಿ ಬಂದು ಮಲಗಿದಳು. ನಾಲ್ಕನೆಯ ನಂಬರಿಗೆ ಬರಬೇಕಾಗಿದ್ದ ಸೂಜಿ ಸಕ್ಕರೆ ಇಳಿಸುವ ಇನ್ಸುಲಿನ್. ನನ್ನ ಅವ್ವನಿಗೆ ಸಕ್ಕರೆ ಕಾಯಿಲೆ ಇಲ್ಲ; ಅನ್ನ ನೀರು ಸರಿಯಾಗಿ ಸೇರದ ಆ ಸ್ಥಿತಿಯಲ್ಲಿ ಅದನ್ನು ಚುಚ್ಚಿದ್ದರೆ, ಇದ್ದ ಸಕ್ಕರೆಯೂ ಇಳಿದು ಅವಳು ಮತ್ತೆ ಏಳುತ್ತಿರಲಿಲ್ಲವೆಂದು ಆಮೇಲೆ ಡಾಕ್ಟರರೇ ಹೇಳಿದರು.

ಪೂನಮ್ ನಾಲ್ಕನೆಯ ನಂಬರಿನ ಸೂಜಿ ಹಿಡಿದು ಬಂದಳು. ಆಗಷ್ಟೇ ಕೆಲಸಕ್ಕೆ ಹಾಜರಾದವಳು, ಮಂಚ ಸರಿದದ್ದು ಅವಳಿಗೆ ಗೊತ್ತಿಲ್ಲ. ಇಬ್ಬರು ಮುದುಕಿಯರ ಮುಖದ ಮೇಲೂ ಮಾಸ್ಕು, ತಲೆಯ ಮೇಲೆ ಸೆರಗು. ವಾಡಿಕೆಯಂತೆ ಕೇಳಿದಳು. ನನ್ನ ಅವ್ವ ಅಂದು ಭಾಳ ದಣಿದಿದ್ದಳು; ಆದರೂ ಮಾಸ್ಕನ್ನು ಬದಿಗೆ ಸರಿಸಿ, ಭಂಕೂರಿನ ಹಾಸುಗಲ್ಲಿನ ಗಣಿಯನ್ನು ನೆನೆದು,

“ಫರಸಿ ಗುಡ್ಡದಾಗ ಪಾರಿವಾಳ ಗೂಡು ಕಟ್ಯಾವ,
ಜಟ್ಟೆಪ್ಪರ ಹೆಸರ ಹೇಳಾಕ ತುಟಿ ಅಂಟ್ಯಾವ”

ಅಂದಳು. ಜಟ್ಟೆಪ್ಪ ಎಂಬ ಹೆಸರು ಕೇಳಿ ಪೂನಮ್ ಸೂಜಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಸೂಜಿಯನ್ನು ಹಿಂದಕ್ಕೆ ತಟ್ಟೆಯಲ್ಲಿಟ್ಟಳು. ಅಷ್ಟೇ. ಏನೂ ಆಗಲಿಲ್ಲ. ಯಾರೂ ಸಾಯಲಿಲ್ಲ, ಯಾರೂ ಅಳಲಿಲ್ಲ, ಒಂದು ಹನಿ ಔಷಧಿಯೂ ಚೆಲ್ಲಲಿಲ್ಲ.

ಏನೂ ಆಗಲಿಲ್ಲವೆಂದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಮರ್ಯಾದಸ್ಥರ ಲಕ್ಷಣ. ಆದರೆ ಈ ಹೆಣ್ಣುಮಗಳು ನೇರವಾಗಿ ಹೊರಗೆ ಬಂದು, ಬೆಂಚಿನ ಮೇಲಿದ್ದ ನಮಗೆ, “ಅಣ್ಣಾ, ಇವತ್ತ ಆಯಿಗೆ ಬ್ಯಾರೆಯವರ ಸೂಜಿ ಮಾಡ್ತಿದ್ದೆ. ಮಾಡಿಲ್ಲ. ಮಂಚ ಸರಿಸ್ಯಾರ, ನಂಬರ್ ಸರಿಸಿಲ್ಲ. ನೀವೂ ಕಣ್ಣಿಟ್ಟಿರ್ರಿ” ಅಂದಳು. ಆಮೇಲೆ ತಮ್ಮ ವಾರದ ಸಭೆಯಲ್ಲಿ, ತಮ್ಮೆದುರಿಗೇ, ಚಹಾ ಬಿಸ್ಕತ್ತಿನ ಮಧ್ಯೆ ಎದ್ದು ನಿಂತು ಅದನ್ನೇ ಹೇಳಿದಳಂತೆ: ತಪ್ಪಾಗುವುದರಲ್ಲಿತ್ತು, ಮತ್ತೆ ಆಗಬಹುದು, ನಂಬರನ್ನು ಮಂಚಕ್ಕೆ ಕಟ್ಟಿರಿ, ಅಳಿಸದ ಪಟ್ಟಿ ತರಿಸಿರಿ. ಆಗದ ತಪ್ಪನ್ನು ಊರಿಗೆಲ್ಲ ಹೇಳುವ ಇಂಥ ಚಾಳಿ ಹಬ್ಬಿದರೆ ಗತಿಯೇನು? ನಾಳೆ ವಾಡಿಯ ರೈಲ್ವೆ ಗೇಟಿನವನೂ ರೈಲು ಬರುವ ಮೊದಲೇ ಗೇಟು ಹಾಕತೊಡಗುತ್ತಾನೆ. ಡಿಕ್ಕಿ ಆಗದೆ ಗೇಟು ಹಾಕುವವನನ್ನು ನಾವು ಸುಮ್ಮನೆ ಬಿಡಬೇಕೆ? ಮೊದಲು ಡಿಕ್ಕಿಯಾಗಲಿ, ಅರ್ಜಿ ಬರಲಿ, ಸಮಿತಿ ಕೂರಲಿ, ಆಮೇಲೆ ಗೇಟು.

ತಾವು ಇದನ್ನೆಲ್ಲ ಎಷ್ಟು ತಾಳ್ಮೆಯಿಂದ ಕೇಳಿದಿರೋ! ಅದೃಷ್ಟಕ್ಕೆ ಅದೇ ದಿನ ನನ್ನ ಸೋದರಮಾವ ಭಾಗಣ್ಣ ತೆಂಗಳಿಯಿಂದ ಅಕ್ಕನನ್ನು ನೋಡಲು ಬಂದವನು, ಒಳಗಿನ ಒಡಪು ಕೇಳಿ ಕೆಂಡವಾಗಿ, ತಮ್ಮ ಕೊಠಡಿಗೆ ನುಗ್ಗಿ, “ಏನ್ರಿ ಸಾಹೇಬ್ರ, ನಮ್ಮ ಅಕ್ಕಗ ಸೂಜಿಗೊಮ್ಮೆ ಗಂಡನ ಹೆಸರು ಹೇಳಸ್ಲಾಕತ್ತಾರ, ಇದು ದವಾಖಾನಿನೋ, ಮದವಿ ಮಂಟಪನೋ? ನಮಗ ಮಾನ ಮರ್ಯಾದಿ ಇಲ್ಲೇನು?” ಎಂದು ಕೂಗಾಡಿದ. ನನ್ನ ಅಪ್ಪ ಹಿಂದೆಯೇ ಹೋಗಿ ಅವನ ಅಂಗಿ ಹಿಡಿದೆಳೆದು, “ಏ ಭಾಗಣ್ಣ, ಸುಮ್ ಕುಂದ್ರೋ. ಹೆಸರು ನಂದು, ಹೆಂಡತಿ ನನ್ನಾಕಿ, ನಡುವ ನಿಂದೇನ್ ಹೋಗ್ತದ?” ಎಂದು ಗದರಿಸಿದ್ದು ತಮ್ಮ ಕಿವಿಗೆ ಬೀಳಲಿಲ್ಲ. ಎ.ಸಿ.ಯ ಸದ್ದು ಇದ್ದಿರಬೇಕು. ತಾವು ಕೂಡಲೇ ‘ರೋಗಿಯ ಕುಟುಂಬದ ಭಾವನೆಗೆ ಧಕ್ಕೆ, ಆಗದ ತಪ್ಪಿನ ಪ್ರಚಾರ’ ಎಂಬ ಎರಡು ಕಾರಣ ಕೊಟ್ಟು, ಪೂನಮ್‌ಳನ್ನು ಐಸಿಯುವಿನಿಂದ ತೆಗೆದು ವಿಚಾರಣೆಯ ಕೌಂಟರಿನಲ್ಲಿ ಕೂರಿಸಿದಿರಿ. ವಿಚಾರಿಸುವ ಚಟವಿದ್ದವಳಿಗೆ ವಿಚಾರಣೆಯ ಕೌಂಟರು! ಇಂಥ ನ್ಯಾಯ ನನ್ನ ಪ್ರಾಸಕ್ಕೂ ಹೊಳೆದಿರಲಿಲ್ಲ. ಈಗ ಅವಳು ಕಾಳಗಿಯಿಂದ ಬಂದವರಿಗೆ ಶೌಚಾಲಯದ ದಾರಿ ತೋರಿಸುತ್ತಾಳೆ.

ಅಂದಿನಿಂದ ತಮ್ಮ ಐಸಿಯು ಎಷ್ಟು ಶಾಂತ! ಎ.ಸಿ. ಒಣಗಿ ಮಂಚಗಳೂ ಹಳೆಯ ಜಾಗಕ್ಕೆ ಮರಳಿದವು. ಸಿಸ್ಟರುಗಳು ಬರುತ್ತಾರೆ, ಗೋಡೆ ನೋಡುತ್ತಾರೆ, ಚುಚ್ಚುತ್ತಾರೆ, ಹೋಗುತ್ತಾರೆ. ಅವರನ್ನು ದೂರುವ ಮಾತೇ ಇಲ್ಲ, ಇಡೀ ವಾರ್ಡಿಗೆ ಇಬ್ಬರೇ. ಒಂದು ಮಂಚದ ಯಂತ್ರ ಕೂಗಿದರೆ ಓಡುತ್ತಾರೆ, ಅಷ್ಟರಲ್ಲಿ ಇನ್ನೊಂದು ಕೂಗುತ್ತದೆ. ಹಿರಿಯ ಸಿಸ್ಟರ್ ಜಗದೇವಿಯವರು ಚಹಾ ಕುಡಿಯುವಾಗ ನನ್ನೊಡನೆ ಮೆಲ್ಲಗೆ ಅಂದದ್ದು ತಮ್ಮ ಆಡಳಿತಕ್ಕೆ ಸಿಕ್ಕ ದೊಡ್ಡ ಪ್ರಶಸ್ತಿಯೆಂದು ನಾನು ಭಾವಿಸುತ್ತೇನೆ: “ತಮ್ಮಾ, ನಾವೂ ದಿನಾ ಏನರ ಒಂದ್ ನೋಡ್ತೀವಿ. ಬಾಯಿ ತೆರದ್ರ ಬಾಗಿಲ ತೋರಸ್ತಾರ. ಪೂನಮ್‌ದು ನೋಡಿದಿಲ್ಲ? ಅದಕ್ಕ ಉಗುಳು ನುಂಗಿದಂಗ ನುಂಗತೀವಿ, ನಡೀತದ.” ನೋಡಿರಿ, ಒಬ್ಬಳನ್ನು ಸರಿಸಿ ಎಲ್ಲರಿಗೂ ಪಾಠ ಕಲಿಸಿದ ತಮ್ಮ ಮಿತವ್ಯಯ!

ಈ ಶಾಂತಿಯನ್ನು ಶಾಶ್ವತಗೊಳಿಸಲು ನನ್ನ ಕೆಲವು ನಮ್ರ ಸಲಹೆಗಳನ್ನು ತಾವು ಒಪ್ಪಿಕೊಳ್ಳಬೇಕು. ಹೆಸರು ಕೇಳುವ ತೊಂದರೆಯೇ ಬೇಡವಾದ್ದರಿಂದ, ಒಂದೇ ಹೆಸರಿನವರು ಒಟ್ಟಿಗೆ ಕಾಯಿಲೆ ಬೀಳಕೂಡದೆಂದು ಸುತ್ತೋಲೆ ಹೊರಡಿಸಬೇಕು. ಸೇಡಂನ ಭೀಮಬಾಯಿಯರು ಸೋಮವಾರ, ಚಿತ್ತಾಪುರದವರು ಮಂಗಳವಾರ, ವಾಡಿಯವರು ಬುಧವಾರ, ಶಹಾಬಾದಿನವರು ಗುರುವಾರ, ಚಿಂಚೋಳಿಯವರು ಕಾಡುಮೇಡಿನ ದಾರಿ ಸವೆಸಿ ಬರಬೇಕಾದ್ದರಿಂದ ಶುಕ್ರವಾರ, ಶನಿವಾರ ಎರಡೂ ದಿನ ಉಸಿರು ಕಟ್ಟಿಸಿಕೊಳ್ಳಬಹುದು. ಭಾನುವಾರ ಯಾವ ಭೀಮಬಾಯಿಗೂ ಏನೂ ಆಗತಕ್ಕದ್ದಲ್ಲ, ದೊಡ್ಡ ಡಾಕ್ಟರರು ಇರುವುದಿಲ್ಲ. ಮಂಚ ಸರಿಸಿದಾಗಲೆಲ್ಲ ಗೋಡೆಯೂ ಜೊತೆಗೆ ಸರಿಯುವಂತೆ ಗೋಡೆಗೆ ಗಾಲಿ ಹಾಕಿಸಬೇಕು. ಭಂಕೂರಿನ ಕಲ್ಲು ಕೆಲಸದವರು ಗಟ್ಟಿಗರು, ಹೇಳಿದರೆ ಮಾಡಿಯಾರು. ಮೈಯೊಳಗೆ ಹೋದ ಇನ್ಸುಲಿನ್, ಅಲ್ಲಿ ಸಕ್ಕರೆ ಕಾಯಿಲೆ ಕಾಣದಿದ್ದರೆ, ‘ಕ್ಷಮಿಸ್ರಿ, ಮನಿ ತಪ್ಪಿ ಬಂದೆ’ ಎಂದು ಕೈ ಮುಗಿದು ಸೂಜಿಗೆ ವಾಪಸಾಗುವಂತೆ ಅದಕ್ಕೆ ತರಬೇತಿ ಕೊಡಿಸಬೇಕು. ಟುಂಯ್ ಟುಂಯ್ ಅನ್ನುವ ಯಂತ್ರಗಳಿಗೂ ‘ಬಿಡುವಾದಾಗ ಬರ್ರಿ, ಅಂಥಾ ಗಡಿಬಿಡಿ ಏನಿಲ್ಲ’ ಎಂದು ಸಭ್ಯವಾಗಿ ಕರೆಯಲು ಕಲಿಸಬೇಕು. ಇವೆಲ್ಲ ಆಗದ ಮಾತೆಂದು ತಮಗೆ ಅನಿಸಬಹುದು. ಆದರೆ ಮಂಚಕ್ಕೆ ಒಂದು ನಂಬರಿನ ಚೀಟಿ ಕಟ್ಟಿಸುವುದಕ್ಕಿಂತ ಇವು ಸುಲಭವೆಂದು ತಮ್ಮ ಆಡಳಿತ ನೋಡಿದ ಮೇಲೆ ನನಗೆ ಮನವರಿಕೆಯಾಗಿದೆ.

ಒಂದು ಸಣ್ಣ ಕೊರತೆ ಮಾತ್ರ ಉಳಿದಿದೆ, ಅದು ನನ್ನ ಅಪ್ಪನದು. ಈಗಲೂ ಅವನು ಔಷಧಿಯ ವೇಳೆಗೆ ರುಮಾಲು ಕೊಡವಿ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಒಳಗೆ ಅವ್ವ ಸಿಸ್ಟರ್ ಬರುವುದನ್ನು ಕಂಡು ಒಡಪು ಹೊಂದಿಸಿಕೊಂಡು, ಮಾಸ್ಕು ಸರಿಸಿ, ಬಾಯಿ ತೆರೆಯುವಷ್ಟರಲ್ಲಿ ಸೂಜಿ ಒಳಗೆ ಹೋಗಿರುತ್ತದೆ. ಅಪ್ಪ ಸ್ವಲ್ಪ ಹೊತ್ತು ಕಾದು, ಬಂದು ಬೆಂಚಿನ ಮೇಲೆ ಕುಳಿತು, “ಇವತ್ತೂ ಕೇಳಲಿಲ್ಲ ನೋಡು” ಅನ್ನುತ್ತಾನೆ. ನಿನ್ನೆ ಕೌಂಟರಿಗೆ ಹೋಗಿ, “ಯವ್ವಾ ಪೂನಮ್, ನೀ ಇಲ್ಲಿಂದರ ಕೂಗಿ ಕೇಳು, ಆಕಿ ಒಳಗಿಂದ ಹೇಳ್ತಾಳ” ಅಂದನಂತೆ. ಅವಳು ತಲೆ ತಗ್ಗಿಸಿ ಚೀಟಿ ಬರೆಯುತ್ತಾ ಕುಳಿತಿದ್ದಳಂತೆ. ಹಳೆಯ ಕಾಲದವನು, ಅವನ ಮಾತನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಆದ್ದರಿಂದ ಸದರಿ ಪೂನಮ್‌ಳನ್ನು ಇನ್ನೆಂದಿಗೂ ಐಸಿಯುವಿನ ಹತ್ತಿರ ಸುಳಿಯಗೊಡಬಾರದಾಗಿಯೂ, ಬಾಯಿದ್ದ ಸಿಸ್ಟರುಗಳನ್ನು ಕೌಂಟರಿಗೂ, ಕೌಂಟರಿನ ಗೋಡೆಗಳನ್ನು ಐಸಿಯುವಿಗೂ ವರ್ಗಾಯಿಸಬೇಕಾಗಿಯೂ ಸವಿನಯ ಪ್ರಾರ್ಥನೆ.

ಇಷ್ಟರ ಮೇಲೂ, ಬೇರೆ ದಾರಿ ಇಲ್ಲದೆ,
ತಮ್ಮ ವಿಶ್ವಾಸಿ,
ಅಂಬರೇಶ ಜಟ್ಟೆಪ್ಪ, ಭಂಕೂರ

ತಾ.ಕ.: ಸಾಹೇಬರೇ, ಸಾಕು. ಇದು ದೂರಲ್ಲ. ಪೂನಮ್ ನನ್ನ ಅವ್ವನ ಜೀವ ಉಳಿಸಿದಳೆಂದು ಮೆಚ್ಚುಗೆಯ ಪತ್ರವನ್ನು ನಾನು ಮೊದಲೇ ಬರೆದುಕೊಟ್ಟಿದ್ದೆ. ತಮ್ಮವರು ಅದನ್ನು ಗೋಡೆಗೆ ಅಂಟಿಸಿದರು, ತಾವು ಓದಲಿಲ್ಲ. ದೂರಾದರೆ ಮಾತ್ರ ತಮ್ಮ ಮೇಜಿಗೆ ಬರುತ್ತದೆಂದು ಜಗದೇವಿ ಸಿಸ್ಟರ್ ಹೇಳಿದ್ದರಿಂದ ಇಷ್ಟೆಲ್ಲ ಕಟ್ಟಿದೆ. ಇವತ್ತು ಎ.ಸಿ. ಮತ್ತೆ ಸೋರಿದೆ. ಮಂಚಗಳು ಮತ್ತೆ ಸರಿದಿವೆ. ಅವ್ವ ಮತ್ತೆ ನಾಲ್ಕನೆಯ ನಂಬರಿನ ಕೆಳಗೆ ಬಂದಿದ್ದಾಳೆ, ನಾನು ಬಾಗಿಲ ಹೊರಗಿದ್ದೇನೆ, ನನಗೆ ಪ್ರಾಸ ಹೊಳೆಯುತ್ತಿಲ್ಲ, ಹೆದರಿಕೆಯಾಗುತ್ತಿದೆ. ಆ ಹುಡುಗಿಯನ್ನು ಒಳಗೆ ಕಳಿಸಿರಿ. ಅದಾಗದಿದ್ದರೆ ಒಳಗಿರುವ ಸಿಸ್ಟರುಗಳಿಗೆ, ಹೆಸರು ಕೇಳಿ ಚುಚ್ಚಲು ಹೇಳಿರಿ, ಕೇಳಿದವರನ್ನು ಕೌಂಟರಿಗೆ ಎತ್ತಿ ಹಾಕುವುದಿಲ್ಲವೆಂದೂ ಹೇಳಿರಿ. ಅದೂ ಆಗದಿದ್ದರೆ, ಒಡಪಿಲ್ಲದೆ ನೇರವಾಗಿಯೇ ಹೇಳುತ್ತೇನೆ, ತಾವಾದರೂ ಬರೆದುಕೊಳ್ಳಿರಿ: ಅವಳ ಗಂಡನ ಹೆಸರು ಜಟ್ಟೆಪ್ಪ.